ಇಂಜಿನ್ ಲೈಟು ಹತ್ತಿದರೆ: ಆಕ್ಸಿಜನ್ ಸೆನ್ಸರ್ ಬದಲಿಸುವ ಪಾಠ



ನಮ್ಮ ಸೇಲಂ, ಧರ್ಮಪುರಿ ಕಡೆ ಕಾರು ಓಡಿಸಿ ಹೊಟ್ಟೆ ಹೊರೆಯುವವರು ಬಹಳ ಮಂದಿ. ಒಬ್ಬರು ಬಾಡಿಗೆಗೆ ಹೊಗೇನಕಲ್ಲಿಗೆ ಹೋಗುತ್ತಾರೆ. ಇನ್ನೊಬ್ಬರು 20 ಹೇರ್‌ಪಿನ್ ತಿರುವು ಹತ್ತಿ ಯೇರ್ಕಾಡಿಗೆ ಹೋಗುತ್ತಾರೆ. ಮತ್ತೊಬ್ಬರು 44ನೇ ಹೆದ್ದಾರಿ ಹಿಡಿದು ಸೇಲಂನಿಂದ ಹೊಸೂರಿಗೆ ಹೋಗುತ್ತಾರೆ. ನೀವೂ ಅವರಲ್ಲಿ ಒಬ್ಬರಾಗಿರಬಹುದು. ನಿಮ್ಮ ಅಣ್ಣ, ತಮ್ಮ, ಮಗ ಇರಬಹುದು.

ಒಂದು ದಿನ ಗಾಡಿ ಓಡಿಸುವಾಗ ಸ್ಟೇರಿಂಗ್ ಮುಂದೆ ಒಂದು ಹಳದಿ ದೀಪ ಹತ್ತುತ್ತದೆ. ಇಂಜಿನ್ ಆಕಾರದ ಚಿತ್ರ ಅದರಲ್ಲಿ ಇರುತ್ತದೆ. ಗಾಡಿ ಓಡುತ್ತಲೇ ಇರುತ್ತದೆ. "ಓಡ್ತಾ ಇದೆಯಲ್ಲ, ಬಿಡು" ಅಂತ ಕೆಲವರು ಸುಮ್ಮನಾಗುತ್ತಾರೆ. ಇನ್ನು ಕೆಲವರು ಹೆದರಿ, ಗ್ಯಾರೇಜಿನಲ್ಲಿ ಕೇಳಿದಷ್ಟು ದುಡ್ಡು ಕೊಟ್ಟು ಬರುತ್ತಾರೆ. ಎರಡರಲ್ಲೂ ನಷ್ಟ ನಿಮಗೇ.

ಆ ದೀಪ ಹತ್ತಲು ಹಲವು ಕಾರಣಗಳಿವೆ. ಅವುಗಳಲ್ಲಿ ಒಂದು, ಆಕ್ಸಿಜನ್ ಸೆನ್ಸರ್ ಸವೆದಿರುವುದು. ಅದು ಏನು, ಅದನ್ನು ಹೇಗೆ ಬದಲಿಸುತ್ತಾರೆ, ದುಡ್ಡು ಕೊಡುವ ಮುಂಚೆ ನೀವು ಏನನ್ನು ಓದಬೇಕು ಎಂಬುದೇ ಈ ಪಾಠ.

1. ಆಕ್ಸಿಜನ್ ಸೆನ್ಸರ್ ಎಂದರೇನು?

ಸೌದೆ ಒಲೆಯನ್ನು ನೆನೆಸಿಕೊಳ್ಳಿ. ಒಲೆಗೆ ಸೌದೆ ಬೇಕು, ಗಾಳಿಯೂ ಬೇಕು. ಸೌದೆ ತುಂಬಿ ಗಾಳಿ ಕಡಿಮೆಯಾದರೆ ಕಪ್ಪು ಹೊಗೆ ಏಳುತ್ತದೆ. ಆಗ ಅಮ್ಮ ಸೌದೆ ಸ್ವಲ್ಪ ಹಿಂದಕ್ಕೆ ಎಳೆಯುತ್ತಾರೆ. ಊದುಗೊಳವೆಯಿಂದ ಊದುತ್ತಾರೆ. ಹೊಗೆ ನೋಡಿಯೇ ಅವರಿಗೆ ಉರಿಯ ಹದ ಗೊತ್ತಾಗುತ್ತದೆ.

ಕಾರಿನ ಇಂಜಿನ್ ಕೂಡ ಒಂದು ಒಲೆಯೇ. ಸೌದೆಯ ಬದಲು ಪೆಟ್ರೋಲ್. 1 ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಈ ಹದ ತಪ್ಪಿದರೆ ಪೆಟ್ರೋಲ್ ದಂಡ. ಹೊಗೆಯೂ ಕೆಟ್ಟದ್ದು.

ಈ ಹದ ನೋಡುವವರು ಯಾರು? ಆಕ್ಸಿಜನ್ ಸೆನ್ಸರ್. ಅದು ಹೆಬ್ಬೆರಳಿನ ಗಾತ್ರದ ಒಂದು ಭಾಗ. ಹೊಗೆ ಹೋಗುವ ಕೊಳವೆಗೆ ತಿರುಪು ಹಾಕಿ ಕೂರಿಸಿರುತ್ತಾರೆ. ಅದರ ತುದಿ ಕೊಳವೆಯ ಒಳಗೆ ಇರುತ್ತದೆ. ಬಾಲದ ಹಾಗೆ ವೈರುಗಳು ಹೊರಗೆ ಇರುತ್ತವೆ. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಅಂತ ಅದು ನೋಡುತ್ತದೆ. ನೋಡಿದ್ದನ್ನು ಕರೆಂಟಿನ ಮೂಲಕ ಗಾಡಿಯ ಕಂಪ್ಯೂಟರಿಗೆ ಹೇಳುತ್ತದೆ. ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತದೆ.

ಆ ಕರೆಂಟು ಬಹಳ ಸಣ್ಣದು. ಸಾಮಾನ್ಯ ಸೆನ್ಸರ್ 0.1ರಿಂದ 0.9 ವೋಲ್ಟ್ ಕೊಡುತ್ತದೆ. ಟಾರ್ಚಿನ ಒಂದು ಸೆಲ್ಲಿನಲ್ಲಿ 1.5 ವೋಲ್ಟ್ ಇರುತ್ತದೆ. ಅದಕ್ಕಿಂತಲೂ ಕಡಿಮೆ! ಪೆಟ್ರೋಲ್ ಹೆಚ್ಚಾದರೆ ವೋಲ್ಟ್ ಏರುತ್ತದೆ. ಗಾಳಿ ಹೆಚ್ಚಾದರೆ ಇಳಿಯುತ್ತದೆ. ಕೆಲವು ಹೊಸ ಕಾರುಗಳಲ್ಲಿ ಬೇರೆ ಬಗೆಯ ಸೆನ್ಸರ್ ಇದೆ. ಅದಕ್ಕೆ ಈ ಲೆಕ್ಕ ಹೊಂದುವುದಿಲ್ಲ.

ಸೆನ್ಸರ್ ತಣ್ಣಗಿದ್ದರೆ ಕೆಲಸ ಮಾಡದು. ಸುಮಾರು 300 ಡಿಗ್ರಿ ಬಿಸಿ ಬೇಕು. ಬೇಗ ಬಿಸಿಯಾಗಲಿ ಅಂತ ಅದರ ಒಳಗೆ ಒಂದು ಚಿಕ್ಕ ಹೀಟರ್ ಇಟ್ಟಿರುತ್ತಾರೆ. ಸೆನ್ಸರ್ ಚೆನ್ನಾಗಿದ್ದು ಹೀಟರ್ ಮಾತ್ರ ಸುಟ್ಟುಹೋದರೂ ದೀಪ ಹತ್ತುತ್ತದೆ.

2. ಇದು ಎಲ್ಲ ಗಾಡಿಯಲ್ಲೂ ಇದೆಯಾ?

ಇಲ್ಲ. ಕಾರ್ಬೊರೇಟರ್ ಇದ್ದ ಹಳೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ಇಲ್ಲ. ಲೋಕದಲ್ಲಿ ಮೊದಲು ಈ ಸೆನ್ಸರ್ ಕಾರಿಗೆ ಬಂದದ್ದು 1976ರಲ್ಲಿ. ಜರ್ಮನಿಯ ಬಾಷ್ ಕಂಪನಿ ಮಾಡಿದ ಸೆನ್ಸರನ್ನು ಸ್ವೀಡನ್ ದೇಶದ ವೋಲ್ವೊ ಕಾರಿಗೆ ಹಾಕಿದರು.

ಸೀಸ ಬೆರೆತ ಪೆಟ್ರೋಲ್ ಈ ಸೆನ್ಸರಿಗೆ ವಿಷ. ನಮ್ಮ ದೇಶದ ಎಲ್ಲ ಕಡೆ ಸೀಸವಿಲ್ಲದ ಪೆಟ್ರೋಲ್ ಬಂದದ್ದು 2000ನೇ ಇಸವಿಯಲ್ಲಿ. ಆಮೇಲೆ ಹೊಗೆಯ ನಿಯಮ ಬಿಗಿಯಾಗುತ್ತಾ ಬಂತು. 2017ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಬಿಎಸ್ 4 ನಿಯಮ ಬಂತು. 2020ರ ಏಪ್ರಿಲ್‌ನಿಂದ ಬಿಎಸ್ 6 ಬಂತು. ಹೊಸ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ ಎರಡು ಸೆನ್ಸರ್ ಇರುತ್ತವೆ. ಬಿಎಸ್ 6 ಬೈಕು, ಸ್ಕೂಟರಿಗೂ ಸೆನ್ಸರ್ ಬಂದಿದೆ.

ಕಾರಿನಲ್ಲಿ ಎರಡು ಏಕೆ? ಹೊಗೆ ಕೊಳವೆಯ ನಡುವೆ ಒಂದು ದಪ್ಪ ಡಬ್ಬಿ ಇದೆ. ಅದರ ಹೆಸರು ಕ್ಯಾಟಲಿಟಿಕ್ ಕನ್ವರ್ಟರ್. ಹೊಗೆಯ ವಿಷವನ್ನು ಅದು ಕಡಿಮೆ ಮಾಡುತ್ತದೆ. ನಾವು ಅದನ್ನು 'ಹೊಗೆ ಡಬ್ಬಿ' ಅನ್ನೋಣ. ಡಬ್ಬಿಯ ಮುಂಚೆ ಇರುವುದು 1ನೇ ಸೆನ್ಸರ್. ಅದು ಪೆಟ್ರೋಲಿನ ಹದ ನೋಡುತ್ತದೆ. ಡಬ್ಬಿಯ ನಂತರ ಇರುವುದು 2ನೇ ಸೆನ್ಸರ್. ಡಬ್ಬಿ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ಅದು ನೋಡುತ್ತದೆ.

3. ಬಿಟ್ಟರೆ ಏನಾಗುತ್ತದೆ?

1ನೇ ಸೆನ್ಸರ್ ಸವೆದರೆ ಕಂಪ್ಯೂಟರಿಗೆ ಸರಿಯಾದ ಸುದ್ದಿ ಸಿಗದು. ಅದು ಅಂದಾಜಿನ ಮೇಲೆ ಪೆಟ್ರೋಲ್ ಬಿಡುತ್ತದೆ. ಹೆಚ್ಚಾಗಿ ಬಿಡುವುದೇ ಜಾಸ್ತಿ. ಮೈಲೇಜು ಬೀಳುತ್ತದೆ. ಹೊಗೆ ಘಾಟು ಬರುತ್ತದೆ. ನಿಂತಲ್ಲಿ ಇಂಜಿನ್ ಒಂದೇ ಸಮ ಓಡದೆ ನಡುಗಬಹುದು.

ಇನ್ನೊಂದು ದೊಡ್ಡ ನಷ್ಟ ಇದೆ. ಉರಿಯದ ಪೆಟ್ರೋಲ್ ಹೊಗೆ ಡಬ್ಬಿಗೆ ಹೋಗಿ ಅಲ್ಲಿ ಉರಿಯುತ್ತದೆ. ಡಬ್ಬಿ ಮಿತಿ ಮೀರಿ ಕಾದು ಒಳಗೇ ಕರಗಬಹುದು. ಅದರ ಒಳಗೆ ಪ್ಲಾಟಿನಂನಂಥ ಬೆಲೆಬಾಳುವ ಲೋಹಗಳಿವೆ. ಅದಕ್ಕೇ ಅದರ ಬೆಲೆ ಸೆನ್ಸರಿನ ಬೆಲೆಗಿಂತ ಬಹಳ ಹೆಚ್ಚು. ಚಿಕ್ಕ ಖರ್ಚು ಉಳಿಸಲು ಹೋಗಿ ದೊಡ್ಡ ಖರ್ಚು ತಲೆ ಮೇಲೆ ಬರುತ್ತದೆ.

ಹೊಗೆ ತಪಾಸಣೆಯಲ್ಲೂ ಗಾಡಿ ಸೋಲಬಹುದು. ತಪಾಸಣೆ ಚೀಟಿ ಇಲ್ಲದೆ ಓಡಿಸಿದರೆ ಕಾನೂನಿನಲ್ಲಿ 10,000 ರೂಪಾಯಿವರೆಗೆ ದಂಡ ಇದೆ. ನಿಮ್ಮ ಚೀಟಿಯನ್ನು ಈಗಲೇ ತೆಗೆದು ನೋಡಿ. ಅದರ ಕೊನೆಯ ದಿನಾಂಕ ಓದಿ.

ಒಂದು ಎಚ್ಚರಿಕೆ. ದೀಪ ಸುಮ್ಮನೆ ಹತ್ತಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ದೀಪ ಮಿಣುಕುತ್ತಿದ್ದರೆ ಹಾಗಲ್ಲ. ಪೆಟ್ರೋಲ್ ಇಂಜಿನ್‌ನಲ್ಲಿ ಸರಿಯಾಗಿ ಉರಿಯುತ್ತಿಲ್ಲ ಎಂದು ಅರ್ಥ. ಸುರಕ್ಷಿತ ಜಾಗ ನೋಡಿ ಗಾಡಿ ನಿಲ್ಲಿಸಿ. ತೊಪ್ಪೂರು ಘಾಟಿಯಂಥ ಕಡೆ ತಿರುವಿನಲ್ಲಿ, ಇಳಿಜಾರಿನಲ್ಲಿ ನಿಲ್ಲಿಸಬೇಡಿ. ಹಿಂದಿನಿಂದ ಲಾರಿಗಳು ಬರುತ್ತಿರುತ್ತವೆ. ಪಕ್ಕದಲ್ಲಿ ಅಗಲ ಜಾಗ ಸಿಕ್ಕಾಗ ನಿಲ್ಲಿಸಿ.

4. ಮೊದಲು ಕೋಡ್ ಓದಿ

ಗ್ಯಾರೇಜಿನಲ್ಲಿ ಸ್ಕ್ಯಾನರ್ ಎಂಬ ಸಣ್ಣ ಯಂತ್ರ ಇರುತ್ತದೆ. ಅದನ್ನು ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸೇರಿಸುತ್ತಾರೆ. ಅದು ಒಂದು ಕೋಡ್ ತೋರಿಸುತ್ತದೆ. ಕೋಡಿನಲ್ಲಿ ಒಂದು ಇಂಗ್ಲಿಷ್ ಅಕ್ಷರ, ಆಮೇಲೆ ನಾಲ್ಕು ಅಂಕಿ ಇರುತ್ತವೆ. ಆ ಅಕ್ಷರ 'ಪಿ'. ನೇರವಾಗಿ ನಿಂತ ಒಂದು ಕೋಲು, ಮೇಲ್ಭಾಗದಲ್ಲಿ ಬಲಗಡೆಗೆ ಒಂದು ಹೊಟ್ಟೆ. ಅದೇ 'ಪಿ'.

ಮೆಕ್ಯಾನಿಕ್ ತಮಿಳಿನಲ್ಲಿ ಮಾತಾಡಬಹುದು. ಬಿಲ್ಲು ಇಂಗ್ಲಿಷಿನಲ್ಲಿ ಇರಬಹುದು. ನೀವು ಕನ್ನಡ ಓದಲು ಈಗ ಕಲಿತವರು. ಹೆದರಬೇಡಿ. ಅಂಕಿ ಎಲ್ಲರಿಗೂ ಒಂದೇ. ಟಿಎನ್ 29 ಧರ್ಮಪುರಿ ಗಾಡಿ, ಟಿಎನ್ 30 ಸೇಲಂ ಗಾಡಿ ಅಂತ ನೀವು ನಂಬರ್ ಪ್ಲೇಟ್ ನೋಡಿ ಹೇಳುತ್ತೀರಿ. ಅದೇ ಅಂಕಿಗಳೇ ಇಲ್ಲಿಯೂ ಇರುವುದು.

ಈ ಕೋಡುಗಳನ್ನು ಜೋರಾಗಿ ಓದಿ:

ಪಿ 0130: 1ನೇ ಸೆನ್ಸರ್ ಅಥವಾ ಅದರ ವೈರಿನಲ್ಲಿ ತೊಂದರೆ.
ಪಿ 0133: 1ನೇ ಸೆನ್ಸರ್ ನಿಧಾನವಾಗಿದೆ.
ಪಿ 0135: 1ನೇ ಸೆನ್ಸರಿನ ಹೀಟರ್ ತೊಂದರೆ.
ಪಿ 0136: 2ನೇ ಸೆನ್ಸರ್ ಅಥವಾ ಅದರ ವೈರಿನಲ್ಲಿ ತೊಂದರೆ.
ಪಿ 0141: 2ನೇ ಸೆನ್ಸರಿನ ಹೀಟರ್ ತೊಂದರೆ.
ಪಿ 0171: ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ.
ಪಿ 0420: ಹೊಗೆ ಡಬ್ಬಿಯ ಕೆಲಸ ಕಡಿಮೆಯಾಗಿದೆ.

ಕೋಡನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. ಆ ದಿನದ ತಾರೀಕು ಬರೆಯಿರಿ. ಗಾಡಿ ಓಡಿದ ಕಿಲೋಮೀಟರ್ ಬರೆಯಿರಿ. ಹೀಟರ್ ಇರುವ ಸೆನ್ಸರ್ ಸಾಮಾನ್ಯವಾಗಿ 1,60,000 ಕಿಲೋಮೀಟರ್ ತನಕ ಬಾಳಬಲ್ಲದು. ನಿಮ್ಮ ಗಾಡಿ ಓಡಿರುವುದು 30,000 ಮಾತ್ರ ಅಂತಿಟ್ಟುಕೊಳ್ಳಿ. ಆಗ "ಸೆನ್ಸರ್ ಸವೆದಿದೆ" ಅಂದರೆ ಸ್ವಲ್ಪ ಯೋಚಿಸಬೇಕು. ಬೇರೆ ಕಾರಣ ಇದೆಯಾ ಅಂತ ನೋಡಬೇಕು.

5. ಕೋಡ್ ಬಂದ ಕೂಡಲೇ ಸೆನ್ಸರ್ ಬದಲಿಸಬೇಡಿ

ಜ್ವರ ಬಂದರೆ ಥರ್ಮಾಮೀಟರ್ 102 ಅಂತ ತೋರಿಸುತ್ತದೆ. ಜ್ವರ ಏಕೆ ಬಂತು ಅಂತ ಅದು ಹೇಳುವುದಿಲ್ಲ. ಕೋಡ್ ಕೂಡ ಹಾಗೇ. ತೊಂದರೆ ಎಲ್ಲಿ ಕಾಣುತ್ತಿದೆ ಅಂತ ಹೇಳುತ್ತದೆ. ಕಾರಣ ನಾವು ಹುಡುಕಬೇಕು. ಮೊದಲು ಇವನ್ನು ನೋಡಿ:

ವೈರನ್ನು ಇಲಿ ಕಡಿದಿದೆಯಾ?
ವೈರು ಬಿಸಿ ಕೊಳವೆಗೆ ತಾಗಿ ಸುಟ್ಟಿದೆಯಾ?
ಪ್ಲಗ್ ಸಡಿಲವಾಗಿದೆಯಾ? ನೀರು, ತುಕ್ಕು ಇದೆಯಾ?
ಹೀಟರಿನ ಫ್ಯೂಸ್ ಹೋಗಿದೆಯಾ?
ಹೊಗೆ ಕೊಳವೆಯಲ್ಲಿ ಸೀಳು ಇದೆಯಾ? ಆ ಸೀಳಿನಿಂದ ಗಾಳಿ ಒಳಗೆ ಬಂದರೆ ಒಳ್ಳೆಯ ಸೆನ್ಸರ್ ಕೂಡ ತಪ್ಪು ಸುದ್ದಿ ಹೇಳುತ್ತದೆ.

ಫ್ಯೂಸ್ ಹಾಕಿದರೆ ಸರಿಹೋಗುವ ಕೆಲಸಕ್ಕೆ ಸೆನ್ಸರ್ ದುಡ್ಡು ಏಕೆ ಕೊಡಬೇಕು? ಪಿ 0171 ಬಂದರೂ ಅಷ್ಟೇ. ಎಲ್ಲೋ ಗಾಳಿ ಸೋರುತ್ತಿರುವುದೇ ಅದಕ್ಕೆ ಹೆಚ್ಚಾಗಿ ಕಾರಣ.

ಗ್ಯಾರೇಜಿನಲ್ಲಿ ಹೀಗೆ ಮಾತಾಡಿ:

ನೀವು: ಅಣ್ಣಾ, ಇಂಜಿನ್ ಲೈಟು ಹತ್ತಿದೆ. ಸ್ಕ್ಯಾನರ್ ಹಾಕಿ ನೋಡಿ. ಕೋಡ್ ನನಗೂ ತೋರಿಸಿ.
ಮೆಕ್ಯಾನಿಕ್: ಪಿ 0135 ಬಂದಿದೆ ಅಣ್ಣಾ. ಸೆನ್ಸರ್ ಬದಲಾಯಿಸ್ಬೇಕು.
ನೀವು: ಅದು ಹೀಟರ್ ಕೋಡ್ ಅಲ್ವಾ? ಮೊದಲು ಫ್ಯೂಸು, ವೈರು, ಪ್ಲಗ್ ನೋಡಿ. ಅವು ಸರಿ ಇದ್ರೆ ಬದಲಾಯಿಸೋಣ.
ಮೆಕ್ಯಾನಿಕ್: ಆಯ್ತು, ನೋಡ್ತೀನಿ.
ನೀವು: ಬದಲಾಯಿಸಿದ್ರೆ ಹಳೇ ಸೆನ್ಸರ್ ನನಗೆ ವಾಪಸ್ ಕೊಡಿ.

ಇದು ಜಗಳ ಅಲ್ಲ. ನಿಮ್ಮ ದುಡ್ಡು, ನಿಮ್ಮ ಗಾಡಿ. ಕೇಳುವ ಹಕ್ಕು ನಿಮಗಿದೆ. ಒಳ್ಳೆ ಮೆಕ್ಯಾನಿಕ್ ಆದರೆ ಸಂತೋಷವಾಗಿ ತೋರಿಸುತ್ತಾನೆ.

6. ಸೆನ್ಸರ್ ಬದಲಿಸುವ ಕ್ರಮ

ಸ್ಪ್ಯಾನರ್ ಹಿಡಿದು ಅಭ್ಯಾಸ ಇದ್ದವರು ಈ ಕೆಲಸ ಮಾಡಬಹುದು. ಅಭ್ಯಾಸ ಇಲ್ಲದವರು ಗ್ಯಾರೇಜಿನಲ್ಲಿ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ. ಕ್ರಮ ಗೊತ್ತಿದ್ದರೆ ಕೆಲಸ ಸರಿಯಾಗಿ ಆಯಿತಾ ಅಂತ ತಿಳಿಯುತ್ತದೆ.

ಒಂದು: ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಹಾಕಿ. ಚಕ್ರಕ್ಕೆ ಕಲ್ಲು ಕೊಡಿ. ಜಾಕಿ ಒಂದನ್ನೇ ನಂಬಿ ಗಾಡಿ ಕೆಳಗೆ ಹೋಗಬೇಡಿ. ಗಟ್ಟಿ ಸ್ಟ್ಯಾಂಡ್ ಕೊಟ್ಟ ಮೇಲೆ ಹೋಗಿ.

ಎರಡು: ಇಂಜಿನ್ ಆರಲು ಬಿಡಿ. ಈಗ ಓಡಿ ಬಂದ ಗಾಡಿಯ ಹೊಗೆ ಕೊಳವೆ ಕೈಯ ಚರ್ಮ ಸುಲಿಯುವಷ್ಟು ಬಿಸಿ ಇರುತ್ತದೆ. ಆದರೆ ಪೂರ್ತಿ ತಣ್ಣಗಾದರೆ ಸೆನ್ಸರ್ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕೊಳವೆ ಬೆಚ್ಚಗಿರಬೇಕು, ಸುಡಬಾರದು. ಅದೇ ಹದ. ಕೈಗವಸು ಹಾಕಿಕೊಳ್ಳಿ.

ಮೂರು: ಬ್ಯಾಟರಿಯ ಮೈನಸ್ ವೈರು ಕಳಚಿ.

ನಾಲ್ಕು: ಸೆನ್ಸರಿನ ಪ್ಲಗ್ ಬಿಡಿಸಿ. ಅದರ ಲಾಕ್ ಒತ್ತಿ ಬಿಡಿಸಬೇಕು. ವೈರು ಹಿಡಿದು ಎಳೆಯಬಾರದು.

ಐದು: ಸೆನ್ಸರಿನ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿ. 15 ನಿಮಿಷ ಕಾಯಿರಿ. ಕೊಳವೆ ಸುಡುವಾಗ ಈ ಎಣ್ಣೆ ಹಾಕಬೇಡಿ. ಬೆಂಕಿ ಹತ್ತಬಹುದು.

ಆರು: ಸೆನ್ಸರಿಗೆ ಸಾಮಾನ್ಯವಾಗಿ 22 ನಂಬರ್ ಸ್ಪ್ಯಾನರ್ ಬೇಕು. ವೈರು ಹೊರಗೆ ಬರಲು ಪಕ್ಕದಲ್ಲಿ ಸೀಳು ಇರುವ ಸಾಕೆಟ್ ಸಿಗುತ್ತದೆ. ಅದಿದ್ದರೆ ಸುಲಭ. ಗಡಿಯಾರದ ಮುಳ್ಳು ತಿರುಗುವುದಕ್ಕೆ ಎದುರು ದಿಕ್ಕಿನಲ್ಲಿ ತಿರುಗಿಸಿ. ಬಾರದಿದ್ದರೆ ಮೊಂಡು ಬಲ ಹಾಕಬೇಡಿ. ಮತ್ತೆ ಎಣ್ಣೆ ಹಾಕಿ ಕಾಯಿರಿ. ಥ್ರೆಡ್ ಕೆಟ್ಟರೆ ಕೊಳವೆಯನ್ನೇ ರಿಪೇರಿ ಮಾಡಿಸಬೇಕಾಗುತ್ತದೆ.

ಏಳು: ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ನೋಡಿ. ವೈರುಗಳನ್ನು ಎಣಿಸಿ. ಪ್ಲಗ್ಗಿನ ಆಕಾರ ನೋಡಿ. ಡಬ್ಬದ ಮೇಲಿನ ಪಾರ್ಟ್ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿ. ಒಂದು ಅಂಕಿ ಬೇರೆ ಇದ್ದರೂ ಅಂಗಡಿಯವರನ್ನು ಕೇಳಿ.

ಎಂಟು: ಹೊಸ ಸೆನ್ಸರಿನ ಥ್ರೆಡ್ಡಿಗೆ ಕಂಪನಿಯವರೇ ಬಿಸಿ ತಾಳುವ ಗ್ರೀಸ್ ಹಚ್ಚಿರುತ್ತಾರೆ. ಇಲ್ಲದಿದ್ದರೆ ತೆಳುವಾಗಿ ಹಚ್ಚಿ. ತುದಿಗೆ ಮಾತ್ರ ಏನೂ ತಾಗಬಾರದು. ಎಣ್ಣೆ ಕೈಯಲ್ಲಿ ತುದಿ ಮುಟ್ಟಬೇಡಿ. ಕೆಳಗೆ ಬಿದ್ದ ಸೆನ್ಸರ್ ಹಾಕಬೇಡಿ. ಒಳಗೆ ಪಿಂಗಾಣಿಯಂಥ ಭಾಗ ಇದೆ. ಅದು ಬಿರುಕು ಬಿಟ್ಟಿದ್ದರೆ ಹೊರಗೆ ಕಾಣುವುದಿಲ್ಲ.

ಒಂಬತ್ತು: ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಿ. ಓರೆಯಾಗಿ ಹೋದರೆ ಥ್ರೆಡ್ ಕೆಡುತ್ತದೆ. ಆಮೇಲೆ ಸ್ಪ್ಯಾನರಿನಿಂದ ಬಿಗಿ ಮಾಡಿ. ಎಷ್ಟು ಬಿಗಿ ಎಂಬುದು ಕಂಪನಿ ಪುಸ್ತಕದಲ್ಲಿ ಇದೆ. ಅನೇಕ ಸೆನ್ಸರಿಗೆ 40ರಿಂದ 50 ನ್ಯೂಟನ್ ಮೀಟರ್. ಬಿಗಿ ಅಳೆಯುವ ಸ್ಪ್ಯಾನರ್ ಗ್ಯಾರೇಜಿನಲ್ಲಿ ಇರುತ್ತದೆ.

ಹತ್ತು: ವೈರು ಬಿಸಿ ಕೊಳವೆಗೆ ತಾಗದಂತೆ ಮೊದಲಿನ ದಾರಿಯಲ್ಲೇ ಕಟ್ಟಿ. ಪ್ಲಗ್ 'ಟಕ್' ಅಂತ ಕೂರಬೇಕು. ಬ್ಯಾಟರಿ ವೈರು ಸೇರಿಸಿ. ಸ್ಕ್ಯಾನರಿನಿಂದ ಕೋಡ್ ಅಳಿಸಿ. ಗಾಡಿ ಓಡಿಸಿ ನೋಡಿ, ಮತ್ತೆ ಸ್ಕ್ಯಾನರ್ ಹಾಕಿ. ಅದೇ ಕೋಡ್ ತಿರುಗಿ ಬಂದರೆ ಕಾರಣ ಬೇರೆ ಇದೆ.

7. ಜೀವಕ್ಕೆ ಸಂಬಂಧಿಸಿದ ಮಾತು

ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬೇಡಿ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಇದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತದೆ. ಆಮೇಲೆ ಪ್ರಜ್ಞೆ ತಪ್ಪುತ್ತದೆ. ಪ್ರಾಣವೇ ಹೋಗಬಹುದು. ಸೆನ್ಸರ್ ಕೆಟ್ಟ ಗಾಡಿಯಲ್ಲಿ ಈ ವಿಷ ಇನ್ನೂ ಹೆಚ್ಚಾಗಬಹುದು. ಗಾಡಿಯನ್ನು ಬಯಲಿಗೆ ತಂದೇ ಇಂಜಿನ್ ಓಡಿಸಿ. ಮಳೆಗಾಲದಲ್ಲಿ ಗಾಜು ಮುಚ್ಚಿ, ಇಂಜಿನ್ ಓಡುತ್ತಾ ಇರುವಾಗ ಗಾಡಿಯೊಳಗೆ ಮಲಗುವ ಡ್ರೈವರಿಗೂ ಈ ಮಾತು ತಿಳಿಸಿ.

8. ಹಳೆಯ ಸೆನ್ಸರ್ ಏನು ಹೇಳುತ್ತದೆ?

ಹಳೆಯದನ್ನು ಎಸೆಯುವ ಮುಂಚೆ ಅದರ ತುದಿ ನೋಡಿ.

ಒಣ ಕಪ್ಪು ಮಸಿ ಇದ್ದರೆ ಇಂಜಿನ್‌ಗೆ ಪೆಟ್ರೋಲ್ ಹೆಚ್ಚು ಹೋಗುತ್ತಿತ್ತು.
ಎಣ್ಣೆ ಜಿಡ್ಡಿನ ಮಸಿ ಇದ್ದರೆ ಇಂಜಿನ್ ಆಯಿಲ್ ಉರಿಯುತ್ತಿದೆ.
ಬಿಳಿ ಪುಡಿ ಇದ್ದರೆ ಕೂಲೆಂಟ್ ನೀರು ಒಳಗೆ ಸೋರಿರಬಹುದು. ಸಿಲಿಕಾನ್ ಗಮ್ ತಾಗಿಯೂ ಹಾಗೆ ಆಗುತ್ತದೆ.

ಆ ಕಾರಣ ಸರಿಮಾಡದೆ ಹೊಸ ಸೆನ್ಸರ್ ಹಾಕಿದರೆ ಅದೂ ಬೇಗ ಹೋಗುತ್ತದೆ. ಕಲಬೆರಕೆ ಪೆಟ್ರೋಲ್ ಕೂಡ ಸೆನ್ಸರಿಗೆ ಶತ್ರು. ಬಂಕಿನಲ್ಲಿ ಬಿಲ್ಲು ಕೇಳಿ ಪಡೆಯಿರಿ.

9. ಹಳೇ ಕಾರು ಕೊಳ್ಳುವವರಿಗೆ

ಕೀ ತಿರುಗಿಸಿ, ಇಂಜಿನ್ ಸ್ಟಾರ್ಟ್ ಮಾಡಬೇಡಿ. ಇಂಜಿನ್ ಲೈಟು ಹತ್ತಬೇಕು. ಸ್ಟಾರ್ಟ್ ಮಾಡಿದ ಮೇಲೆ ಆರಬೇಕು. ಹತ್ತಲೇ ಇಲ್ಲವೆಂದರೆ ಯಾರೋ ಆ ದೀಪವನ್ನೇ ತೆಗೆದಿರಬಹುದು. ಅಂಥ ಗಾಡಿಗೆ ಸ್ಕ್ಯಾನರ್ ಹಾಕಿಸದೆ ಅಡ್ವಾನ್ಸ್ ಕೊಡಬೇಡಿ.

ನೆನಪಿಡಿ

ದೀಪ ಹತ್ತಿದರೆ ಕೋಡ್ ಓದಿ.
ಕೋಡ್ ಓದಿದ ಮೇಲೆ ವೈರು, ಫ್ಯೂಸು, ಕೊಳವೆ ನೋಡಿ.
ಆಮೇಲೆ ಸೆನ್ಸರ್ ಬದಲಿಸಿ.
ಹಳೇ ಭಾಗ ಕೇಳಿ ಪಡೆಯಿರಿ. ಬಿಲ್ಲು ಓದಿ ದುಡ್ಡು ಕೊಡಿ.

ಲೆಕ್ಕ ಮಾಡಿ

1. ಒಂದು ಕಾರು ಮೊದಲು ಲೀಟರಿಗೆ 18 ಕಿಲೋಮೀಟರ್ ಓಡುತ್ತಿತ್ತು. ಸೆನ್ಸರ್ ಕೆಟ್ಟ ಮೇಲೆ 15 ಕಿಲೋಮೀಟರ್ ಓಡುತ್ತಿದೆ. ತಿಂಗಳಿಗೆ 1,800 ಕಿಲೋಮೀಟರ್ ಓಡಿದರೆ ಎಷ್ಟು ಲೀಟರ್ ಹೆಚ್ಚು ಬೇಕು? ಲೀಟರಿಗೆ 100 ರೂಪಾಯಿ ಅಂತಿಟ್ಟುಕೊಂಡರೆ ನಷ್ಟ ಎಷ್ಟು?

2. ಒಂದು ಬಿಲ್ಲಿನಲ್ಲಿ ಹೀಗಿದೆ: ಸೆನ್ಸರ್ 3,000 ರೂಪಾಯಿ. ಸ್ಕ್ಯಾನರ್ 300 ರೂಪಾಯಿ. ಕೂಲಿ 400 ರೂಪಾಯಿ. ಕೆಳಗೆ ಒಟ್ಟು 4,200 ಅಂತ ಬರೆದಿದೆ. ಕೂಡಿ ನೋಡಿ. ಸರಿ ಇದೆಯಾ?

ಉತ್ತರ ಹೇಳಿ

1. 1ನೇ ಸೆನ್ಸರ್ ಎಲ್ಲಿ ಇರುತ್ತದೆ? 2ನೇ ಸೆನ್ಸರ್ ಎಲ್ಲಿ ಇರುತ್ತದೆ?
2. ಪಿ 0135 ಬಂದರೆ ಮೊದಲು ಏನೇನು ನೋಡಬೇಕು?
3. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಏಕೆ ಓಡಿಸಬಾರದು?

ಬರೆಯಿರಿ

ನಿಮ್ಮ ಮನೆಯ ಅಥವಾ ನೆರೆಯವರ ಗಾಡಿಯ ನಂಬರ್, ಅದು ಓಡಿದ ಕಿಲೋಮೀಟರ್, ಹೊಗೆ ತಪಾಸಣೆ ಚೀಟಿಯ ಕೊನೆಯ ದಿನಾಂಕ. ಈ ಮೂರನ್ನೂ ನೋಡಿ ಬರೆದು ಮುಂದಿನ ತರಗತಿಗೆ ತನ್ನಿ.

(ಲೆಕ್ಕದ ಉತ್ತರ: 1. ಹೆಚ್ಚು ಬೇಕಾದದ್ದು 20 ಲೀಟರ್, ನಷ್ಟ 2,000 ರೂಪಾಯಿ. 2. ಸರಿ ಇಲ್ಲ. ಒಟ್ಟು 3,700 ರೂಪಾಯಿ. ಬಿಲ್ಲಿನಲ್ಲಿ 500 ರೂಪಾಯಿ ಹೆಚ್ಚು ಬರೆದಿದೆ.)